ಸುಮ್ನೆ ಮನೇಲಿ ಟೈಮ್‌ಪಾಸಿಗೆ

"ಮನೇಲೇ ಇರ್ತೀರಲ್ಲ, ನಿಮಗೇನು ಬಿಡಿ, ಆರಾಮ" ಅಂತ ಹೇಳುವವರ ಪಟ್ಟಿ ಮಾಡಿದರೆ ಗ್ಯಾಸ್ ಸಿಲಿಂಡರ್ ತರುವ ಹುಡುಗನಿಂದ ಹಿಡಿದು ನನ್ನ ಸ್ವಂತ ತಂಗಿಯವರೆಗೆ ಎಲ್ಲರೂ ಅದರಲ್ಲಿ ಬರುತ್ತಾರೆ. ಹೌದು, ನಾನು ಮನೆಯಲ್ಲೇ ಇರುತ್ತೇನೆ. ಆದರೆ ಆ ಮನೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟೇ. ದಾವಣಗೆರೆಯಲ್ಲಿರುವ ನಮ್ಮ ಈ ಸಣ್ಣ ಮನೆಯ ಮುಂದಿನ ಕೋಣೆ ಅಂಗಡಿ, ಹಿತ್ತಿಲ ಕಡೆಯ ವರಾಂಡ ಕಾರ್ಖಾನೆ, ತಾರಸಿ ಮೆಣಸಿನಕಾಯಿ ಒಣಗಿಸುವ ಜಾಗ, ಮಂಚದ ಕೆಳಗೆ ಗೋಡೌನು. ಇದೆಲ್ಲ ಹೋಗಿ ಎಲ್ಲಾದರೂ ಜಾಗ ಉಳಿದರೆ ಅಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ, ಮಾವ, ಮದುವೆಗೆ ಬಂದ ನಾದಿನಿ ಎಲ್ಲರೂ ಸೇರಿ ಸಂಸಾರ ಮಾಡುತ್ತಾರೆ.

ನಾನು ಮಾರುವುದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಸಾರಿನ ಪುಡಿ, ಮಸಾಲೆ ಖಾರ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ. 2020ರ ಲಾಕ್‌ಡೌನಿನಲ್ಲಿ ನಮ್ಮನೆಯವರ ಸಂಬಳ ನಿಂತಾಗ ಮನೆಯಲ್ಲಿದ್ದ ಒಂದು ಚೀಲ ಜೋಳದಿಂದ ಶುರುವಾಗಿದ್ದು. ಆಮೇಲೆ ಅವರಿಗೆ ಕೆಲಸ ವಾಪಸ್ ಬಂತು, ನನ್ನದು ಮಾತ್ರ ನಿಲ್ಲಲಿಲ್ಲ. ಈಗ ರೊಟ್ಟಿ ತಟ್ಟಲು ಓಣಿಯ ಮೂವರು ಹೆಂಗಸರು ಬರುತ್ತಾರೆ, ತಿಂಗಳ ಕೊನೆಗೆ ಅವರ ಕೂಲಿ ಕೊಟ್ಟು, ಮಕ್ಕಳ ಫೀಸು ಕಟ್ಟಿ, ಮಿಷಿನ್ ಸಾಲದ ಕಂತು ಕಟ್ಟಿ, ಉಳಿದಿದ್ದನ್ನು ನಾನು ಬೇಳೆ ಡಬ್ಬಿಯಲ್ಲಿ ಬಚ್ಚಿಡುತ್ತೇನೆ. ಅದು ಬೇಳೆ ಡಬ್ಬಿಯಲ್ಲಿದೆ ಅಂತ ಮನೆಮಂದಿಗೆಲ್ಲ ಗೊತ್ತಿದೆ. ಇರಲಿ.

ಕಷ್ಟ ಕೆಲಸದ್ದಲ್ಲ. ವ್ಯಾಪಾರಕ್ಕೆ ಒಂದು, ತಾಯ್ತನಕ್ಕೆ ಒಂದು ಅಂತ ದೇವರು ಎರಡು ನಾಲಿಗೆ ಕೊಡಬೇಕಿತ್ತು, ಕೊಟ್ಟಿಲ್ಲ. ಅಲ್ಲೇ ಎಲ್ಲ ಎಡವಟ್ಟು. ಒಂದು ಬೆಳಿಗ್ಗೆ ಏಳೂವರೆ ಹೊತ್ತಿಗೆ ಹುಬ್ಬಳ್ಳಿಯ ಗಿರಾಕಿಯೊಬ್ಬರು ಫೋನ್ ಮಾಡಿದರು, ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು, ದನಿಯಲ್ಲೇ ಗಾಂಭೀರ್ಯ. "ಮೇಡಂ, ನಮ್ಮ ರೊಟ್ಟಿ ಇನ್ನೂ ಬರಲಿಲ್ಲ" ಅಂದರು. ಅದೇ ಹೊತ್ತಿಗೆ ಮಗ ಎದುರಿಗೆ ಬಂದು ತಟ್ಟೆ ಹಿಡಿದು ನಿಂತ. ನಾನು ಫೋನಿನಲ್ಲೇ "ಮೊದಲು ಹೋಗಿ ಹಲ್ಲುಜ್ಜು, ಆಮೇಲೆ ರೊಟ್ಟಿ" ಅಂತ ಗದರಿದೆ. ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಉಜ್ಜೀನ್ರಿ ಮೇಡಂ" ಅಂದರು.

ಮಕ್ಕಳಿಗೂ ಇದು ಅಭ್ಯಾಸ ಆಗಿಬಿಟ್ಟಿದೆ. ಇನ್ನೊಂದು ದೋಸೆ ಬೇಕು ಅಂತ ಮಗ ಕೇಳಿದರೆ ನನ್ನ ಬಾಯಿಂದ "ಸ್ಟಾಕ್ ಇಲ್ಲ, ಮಂಗಳವಾರ ಬನ್ನಿ" ಅಂತ ಬರುತ್ತೆ. ಅವನು ಅಳುವುದಿಲ್ಲ. "ಅಡ್ವಾನ್ಸ್ ಕೊಡ್ಬೇಕಾ?" ಅಂತಾನೆ.

ಇನ್ನು ಮನೆಯವರ ಊಟ. ರೊಟ್ಟಿ ವ್ಯಾಪಾರದ ಮೊದಲ ನಿಯಮ: ದುಂಡಗಿರೋದು ಗಿರಾಕಿಗೆ, ಮುರಿದದ್ದು ಮನೆಗೆ. ಚಟ್ನಿಪುಡಿಯಲ್ಲಿ ಹದ ಬಂದಿದ್ದು ಪ್ಯಾಕೆಟ್ಟಿಗೆ, ಒಂದು ಚೂರು ಸೀದದ್ದು ನಮ್ಮ ತಟ್ಟೆಗೆ. ಹೋದ ವರ್ಷ ನೆಂಟರ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಮಗಳ ಎಲೆಗೆ ಒಂದು ಇಡೀ ರೊಟ್ಟಿ ಬಿತ್ತು. ಅವಳು ಅದನ್ನು ಮುಟ್ಟಲೇ ಇಲ್ಲ. ನನ್ನ ಸೆರಗು ಜಗ್ಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ಅಮ್ಮ, ಇದು ಮಾರೋದಲ್ವಾ, ತಿನ್ಬಹುದಾ?" ಅಂತ ಕೇಳಿದಳು. ಎದುರು ಸಾಲಿನಲ್ಲಿ ಕೂತಿದ್ದ ನಮ್ಮ ಚಿಗವ್ವ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದಕ್ಕಿಂತ ಹಸಿಮೆಣಸಿನಕಾಯಿ ವಾಸಿ.

ಮೆಣಸಿನಕಾಯಿ ಅಂದ ಕೂಡಲೇ ಬ್ಯಾಡಗಿಗೆ ಹೋಗಲೇಬೇಕು. ಮಸಾಲೆ ಖಾರಕ್ಕೆ ಬೇರೆ ಕಡೆಯ ಕಾಯಿ ಹಾಕಿದರೆ ಖಾರ ಬರುತ್ತೆ, ಬಣ್ಣ ಬರಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, 2011ರಲ್ಲಿ ಇದು ಈ ಸೀಮೆಯದೇ ಅಂತ ಜಿಐ ಮಾನ್ಯತೆ ಬೇರೆ ಸಿಕ್ಕಿದೆ. ಅದರಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ಜಾತಿ. ಡಬ್ಬಿ ಗಿಡ್ಡಗೆ, ದಪ್ಪಗೆ, ಬೀಜ ಜಾಸ್ತಿ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು. ನಮ್ಮ ಮನೆಯಲ್ಲಿ ಮಾವ ಕಡ್ಡಿ, ಅತ್ತೆ ಡಬ್ಬಿ ಅಂತ ಮಕ್ಕಳು ಹೇಳಿಕೊಂಡು ನಗುತ್ತಾರೆ, ನಾನು ಹೇಳಿಕೊಟ್ಟಿದ್ದಲ್ಲ. ಈ ಕಾಯಿಯ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರಂತೆ. ಯಾರದೋ ತುಟಿಗೆ ಬಣ್ಣ, ನಮ್ಮ ಕಣ್ಣಿಗೆ ಉರಿ.

ದಾವಣಗೆರೆಯಿಂದ ಹುಬ್ಬಳ್ಳಿ ಕಡೆಯ ಬಸ್ಸು ಹತ್ತಿ ಮೋಟೆಬೆನ್ನೂರಿನಲ್ಲಿ ಇಳಿದರೆ ಅಲ್ಲಿಂದ ಬ್ಯಾಡಗಿ ಹತ್ತಿರ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತಲ್ಲ, ಆಮೇಲೆ ನಾನು ಕಾಯಿ ತರಲು ಯಾರನ್ನೂ ಕಾಯುವುದಿಲ್ಲ. ಸ್ಕೂಲಿಗೆ ರಜಾ ಇದ್ದ ದಿನ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಮಾರುಕಟ್ಟೆಯಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು, ಚೀಲಗಳ ಸಾಲು, ಕಾಯಿಯ ತೊಟ್ಟು ಬಿಡಿಸುತ್ತಾ ಕೂತ ಹೆಂಗಸರು, ಅವರ ಮುಂದೆ ಗುಡ್ಡೆ ಗುಡ್ಡೆ. ನಾವು ಮೂವರೂ ಕರ್ಚೀಫು ಮೂಗಿಗೆ ಕಟ್ಟಿಕೊಂಡಿದ್ದೆವು, ಅವರು ಹರಟೆ ಹೊಡೆಯುತ್ತಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪರಿಚಯದ ದಲಾಲಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಒಂದು ದೊಡ್ಡ ಚೀಲ ಕಟ್ಟಿಸಿದೆ.

ವಾಪಸ್ ಬರುವಾಗ ಕಂಡಕ್ಟರ್ ಬಂದರು. ನನಗೆ ಶೂನ್ಯ ಟಿಕೆಟ್, ಮಗಳಿಗೆ ಶೂನ್ಯ ಟಿಕೆಟ್. ಮಗನಿಗೆ ಅರ್ಧ ಟಿಕೆಟ್. ಚೀಲಕ್ಕೆ ಲಗೇಜ್ ಟಿಕೆಟ್. "ನಾನೂ ಮೆಣಸಿನಕಾಯಿನೂ ಒಂದೇನಾ? ನಮಗಿಬ್ಬರಿಗೆ ಮಾತ್ರ ಯಾಕೆ ದುಡ್ಡು?" ಅಂತ ಮಗ ಜಗಳ ತೆಗೆದ. ಕಂಡಕ್ಟರ್ ಏನೋ ಉತ್ತರ ಕೊಡಲು ಬಾಯಿ ತೆರೆದರು, ಬಂದಿದ್ದು ಸೀನು. ಅವರು ಸೀನಿದ್ದಕ್ಕೆ ಹಿಂದಿನ ಸೀಟಿನವರು ಸೀನಿದರು, ಅಲ್ಲಿಂದ ಅದು ಸೀಟಿನಿಂದ ಸೀಟಿಗೆ ಮುಂದುವರಿದು ಡ್ರೈವರ್ ತನಕ ಹೋಯ್ತು. ಚೀಲದ ಬಾಯಿ ಎಲ್ಲೋ ಸಡಿಲ ಆಗಿತ್ತು ಅಂತ ಕಾಣುತ್ತೆ. ಒಂಟಿ ಸೀನು ಬಂದರೆ ಹೊರಡಬಾರದು ಅಂತಾರೆ ಹಿರಿಯರು. ಅವತ್ತು ನಮ್ಮ ಬಸ್ಸಿನಲ್ಲಿ ಒಂಟಿ ಸೀನಿನ ಮಾತೇ ಇರಲಿಲ್ಲ, ಅಷ್ಟೂ ಶುಭವೇ.

ಚೀಲ ಮನೆ ತಲುಪಿದ ಮೇಲೆ ಕಥೆ ಓಣಿಗೆ ಬರುತ್ತೆ. ಕಾಯಿ ಒಣಗಿಸಿ, ಬಾಣಲೆಗೆ ಎರಡು ಹನಿ ಎಣ್ಣೆ ಬಿಟ್ಟು ಹುರಿಯಲು ಶುರು ಮಾಡಿದರೆ ನಮ್ಮ ಮನೆಯ ಕಿಟಕಿ ತೆರೆಯುತ್ತೆ, ಉಳಿದ ಎಲ್ಲ ಮನೆಗಳ ಕಿಟಕಿ ಮುಚ್ಚುತ್ತೆ. ಎದುರು ಮನೆಯ ಅಜ್ಜ ಕೆಮ್ಮುತ್ತಲೇ ಬೈಯುತ್ತಾರೆ, ಬೈಗುಳ ಯಾವುದು ಕೆಮ್ಮು ಯಾವುದು ಅಂತ ತಿಳಿಯಲ್ಲ, ಹಾಗಾಗಿ ನಾನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲ್ಲ. ತಿಂಗಳಿಗೆ ಅರ್ಧ ಕೆ.ಜಿ. ಚಟ್ನಿಪುಡಿ ಅವರ ಮನೆಗೆ ಫ್ರೀ. ಕೊಟ್ಟಾಗ ತಗೊಳ್ಳುತ್ತಾರೆ, ತಗೊಂಡು ಒಮ್ಮೆ ಕೆಮ್ಮುತ್ತಾರೆ, ಲೆಕ್ಕ ಮರೆತಿಲ್ಲ ಅಂತ ತೋರಿಸಲು. ಪುಡಿ ಮಾಡುವ ಮಿಷಿನ್ ಹಾಕಿದರೆ ಪಕ್ಕದ ಮನೆಯ ಲೈಟು ಕಣ್ಣು ಹೊಡೆಯುತ್ತೆ. ಆ ಮನೆಯ ಅಕ್ಕ ಸೀರಿಯಲ್ ಟೈಮಿಗೆ ಮಿಷಿನ್ ಹಾಕಬಾರದು ಅಂತ ಟೈಮ್‌ಟೇಬಲ್ ಬರೆದುಕೊಟ್ಟಿದ್ದಾರೆ. ಅವರು ನೋಡುವ ಸೀರಿಯಲ್ಲುಗಳ ನಡುವೆ ನನಗೆ ಸಿಗುವ ಬಿಡುವು ಸ್ವಲ್ಪವೇ.

ಮಕ್ಕಳ ಸ್ಕೂಲಿನಲ್ಲಿ ನನ್ನ ಉತ್ಪಾದನಾ ವೇಳಾಪಟ್ಟಿ ಅವರ ಟೀಚರಿಗೆ ಬಾಯಿಪಾಠ. ಮಗಳು ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ "ಏನು, ಇವತ್ತು ಸಾರಿನ ಪುಡಿನಾ?" ಅಂತಾರಂತೆ. ಯೂನಿಫಾರಂ ಎಷ್ಟು ಒಗೆದರೂ ಹಿಂಗು, ಕೊತ್ತಂಬರಿ ಬೀಜದ ವಾಸನೆ ಹೋಗಲ್ಲ. ಇದೆಲ್ಲಕ್ಕಿಂತ ದೊಡ್ಡ ಗಂಡಾಂತರ ಗುರೆಳ್ಳು. ಗುರೆಳ್ಳು ತಿಂದವರಿಗೆ ಗೊತ್ತು, ಆ ಕರಿ ಕಾಳು ಹೊಟ್ಟೆಗೆ ಹೋಗುವುದಕ್ಕಿಂತ ಹಲ್ಲಿನ ಸಂದಿಯಲ್ಲಿ ಉಳಿಯುವುದೇ ಜಾಸ್ತಿ. ಸ್ಕೂಲಿನ ಗ್ರೂಪ್ ಫೋಟೋ ದಿನ ಮಗ ಬೆಳಿಗ್ಗೆ ರೊಟ್ಟಿ ಚೂರಿಗೆ ಎಣ್ಣೆ, ಗುರೆಳ್ಳು ಚಟ್ನಿ ಕಲಸಿಕೊಂಡು ತಿಂದು ಹೋಗಿದ್ದ. ಫೋಟೋ ತೆಗೆಯುವವರು "ಎಲ್ಲರೂ ನಗಿ" ಅಂದಿದ್ದಾರೆ. ನಮ್ಮವನು ಹೇಳಿದ ಮಾತು ಕೇಳುವ ಹುಡುಗ, ಬಾಯಿ ತುಂಬ ನಕ್ಕಿದ್ದಾನೆ. ಮೂರು ಸಾಲು ಮಕ್ಕಳ ನಡುವೆ ಎಂಬತ್ತು ವರ್ಷದ ಒಬ್ಬ ಬೊಚ್ಚು ಬಾಯಿ ಅಜ್ಜ ಯೂನಿಫಾರಂ ಹಾಕಿಕೊಂಡು ನಿಂತ ಹಾಗೆ ಕಾಣುತ್ತಾನೆ. ಆ ಫೋಟೋ ಫ್ರೇಮ್ ಹಾಕಿಸಿ ಅಂಗಡಿಯಲ್ಲಿಟ್ಟಿದ್ದೇನೆ, ಗುರೆಳ್ಳು ಡಬ್ಬಿಯ ಪಕ್ಕ.

ನಮ್ಮ ಮಾವನವರ ಬಗ್ಗೆ ಹೇಳಲೇಬೇಕು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಮಿಲ್ಲು ಹೋಯ್ತು, ಮಿಲ್ಲಿನ ಶಿಸ್ತು ಇವರೊಳಗೆ ಉಳಿದುಬಿಟ್ಟಿದೆ. ನನ್ನ ವ್ಯಾಪಾರ ಸ್ವಲ್ಪ ಕುದುರಿದ ಕೂಡಲೇ ಒಂದು ಹಾಜರಿ ಪುಸ್ತಕ ತಂದು ವರಾಂಡದ ಮೊಳೆಗೆ ನೇತುಹಾಕಿದರು. ರೊಟ್ಟಿ ತಟ್ಟಲು ಬರುವವರ ಹೆಸರಿನ ಜೊತೆ ನನ್ನ ಹೆಸರೂ ಅದರಲ್ಲಿದೆ, ಎಲ್ಲರಿಗಿಂತ ಕೆಳಗೆ, ಕೊನೆಗೆ ಸೇರಿದವರು ಕೊನೆಗೆ ಅನ್ನೋ ಲೆಕ್ಕದಲ್ಲಿ. ಮಕ್ಕಳಿಗೆ ಡಬ್ಬಿ ಕಟ್ಟಿ, ಜಡೆ ಹಾಕಿ, ಸ್ಕೂಲ್ ಆಟೋ ಹತ್ತಿಸಿ, ಉಸಿರು ಬಿಡುತ್ತಾ ವರಾಂಡಕ್ಕೆ ಬಂದರೆ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಲೇಟ್" ಅಂತ ಬರೆದಿರುತ್ತಾರೆ.

"ಮಾವ, ಓನರ್ ನಾನು" ಅಂದೆ ಒಂದು ದಿನ.

"ಓನರ್ ಆದ್ರೇನವ್ವ, ಲೇಟ್ ಲೇಟೇ" ಅಂದರು.

ಅಂಗಡಿಯಲ್ಲಿ ಅವರನ್ನು ಕೂರಿಸಿದರೆ ಇನ್ನೊಂದು ತಾಪತ್ರಯ. ಸುಳ್ಳು ಹೇಳಲ್ಲ. "ಅಜ್ಜಾ, ಚಟ್ನಿಪುಡಿ ಚೆನ್ನಾಗಿದ್ಯಾ?" ಅಂತ ಯಾರಾದರೂ ಮಾತಿಗೆ ಕೇಳಿದರೆ, "ಹೋದ ವಾರದ್ದು ಬೆಸ್ಟ್ ಇತ್ತು ನೋಡ್ರಿ, ಇದಕ್ಕೆ ಒಂದೀಟು ಉಪ್ಪು ಜಾಸ್ತಿ ಬಿದ್ದೈತಿ" ಅಂತ ಹೇಳಿ ಕಳಿಸುತ್ತಾರೆ. ಅಷ್ಟು ಸತ್ಯವಂತರಿಗೆ ಒಂದೇ ಗುಟ್ಟು. ಅತ್ತೆಗೆ ಗೊತ್ತಾಗದ ಹಾಗೆ ಸಂಜೆ ವಾಕಿಂಗ್ ಹೋದಾಗ ಎಲ್ಲೋ ಆಮ್ಲೆಟ್ ತಿಂದು ಬರುತ್ತಾರೆ. ಸಸ್ಯಾಹಾರ ಮಾರುವವರು ಪ್ಯಾಕೆಟ್ಟಿನ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ ಹಾಕಬೇಕಲ್ಲ, ಆ ಲೇಬಲ್ ಅಂಟಿಸುವ ಕೆಲಸ ರಜಾ ದಿನ ಮಕ್ಕಳದ್ದು. ಒಂದು ಭಾನುವಾರ ಮಾವ ಈಜಿಚೇರಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು, ಮಗ ಹೋಗಿ ಅಜ್ಜನ ಬನಿಯನ್ ಮೇಲೆ ಒಂದು ಲೇಬಲ್ ಅಂಟಿಸಿದ. ಹಸಿರು ಚುಕ್ಕಿ, ನಿವ್ವಳ ತೂಕ 250 ಗ್ರಾಂ. ಅತ್ತೆ ಬಂದು ಕನ್ನಡಕ ಸರಿಮಾಡಿಕೊಂಡು ಓದಿ, "ಸುಳ್ಳು ಲೇಬಲ್ ಹಾಕಿದ್ರೆ ದಂಡ ಹಾಕ್ತಾರಂತಲ್ಲ?" ಅಂದರು. ಮಾವನ ಗೊರಕೆ ತಟ್ಟನೆ ನಿಂತುಹೋಯ್ತು.

ನಮ್ಮನೆಯವರು ಒಳ್ಳೆಯವರು. ಆದರೆ ಸಹಾಯ ಮಾಡುತ್ತೇನೆ ಅಂತ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತೆ. ಖಡಕ್ ರೊಟ್ಟಿ ಕೊರಿಯರಿನಲ್ಲಿ ಮುರಿಯದಂತೆ ಹೋಗಬೇಕು ಅಂದರೆ ಡಬ್ಬದೊಳಗೆ ಸಂದಿ ಬಿಡದೆ ಕಾಗದ ತುರುಕಬೇಕು. ಇವರು ಹಳೇ ಪೇಪರ್ ಸಾಲದೆ ಕೈಗೆ ಸಿಕ್ಕಿದ ಪುಸ್ತಕವನ್ನೂ ಸೇರಿಸಿ ಪ್ಯಾಕ್ ಮಾಡಿದ್ದಾರೆ. ಮಾರನೇ ದಿನ ಮಗಳ ಕನ್ನಡ ಕಾಪಿ ಪುಸ್ತಕ ಇಲ್ಲ ಅಂತ ಮನೆಯೆಲ್ಲ ಹುಡುಕಾಟ, ಅವಳ ಅಳು, ಗೋಡೌನಿನಿಂದ ಎಲ್ಲ ಚೀಲ ಹೊರಗೆ. ಎರಡು ದಿನದ ಮೇಲೆ ಬೆಂಗಳೂರಿನ ಗಿರಾಕಿಯಿಂದ ವಾಟ್ಸಾಪ್ ಬಂತು. ಅವರು ರಿಟೈರ್ಡ್ ಟೀಚರ್. ಪುಸ್ತಕದ ಪ್ರತಿ ಪುಟಕ್ಕೂ ಕೆಂಪು ಪೆನ್ನಿನಲ್ಲಿ ತಿದ್ದಿ ಫೋಟೋ ತೆಗೆದು ಕಳಿಸಿದ್ದರು. ಕೆಳಗೆ ಬರೆದಿದ್ದರು: "ಅಕ್ಷರ ದುಂಡಗಿದೆ. ಒತ್ತಕ್ಷರಕ್ಕೆ ಇನ್ನೂ ಅಭ್ಯಾಸ ಬೇಕು. ರೊಟ್ಟಿ ತೆಳ್ಳಗಿದೆ, ಅಂಚು ಸ್ವಲ್ಪ ಸೀದಿದೆ. ಹತ್ತಕ್ಕೆ ಎಂಟು." ಮಗಳು ಅದನ್ನು ಎರಡೆರಡು ಸಲ ಓದಿ, "ಎಂಟು ಯಾರಿಗೆ, ನನಗಾ ರೊಟ್ಟಿಗಾ?" ಅಂತ ಕೇಳಿದಳು. ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

ಕಾಗದ ಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ನೆನೆಸಿಕೊಂಡರೆ ಈಗಲೂ ತಲೆನೋವು. ಆಹಾರದ ರಿಜಿಸ್ಟ್ರೇಷನ್ ಸುಲಭ, ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಫೀಸು, 14 ಅಂಕಿಯ ನಂಬರ್ ಕೊಟ್ಟರು. ಮಿಷಿನ್ನಿಗೆ ಮುದ್ರಾ ಸಾಲ. ಅದರಲ್ಲಿ ಶಿಶು ಅಂತ ಒಂದು ವಿಭಾಗ, 50,000 ರೂಪಾಯಿವರೆಗೆ, ಅಡಮಾನ ಬೇಡ. ಬ್ಯಾಂಕಿನಲ್ಲಿ ಎಲ್ಲ ಕೇಳಿಕೊಂಡ ಮೇಲೆ ಅಲ್ಲಿದ್ದವರು, "ಸರಿನಮ್ಮ, ನಿಮ್ಮ ಯಜಮಾನ್ರನ್ನ ಕರ್ಕೊಂಡ್ ಬನ್ನಿ" ಅಂದರು. ಕರೆದುಕೊಂಡು ಹೋದೆ. ಜೋಳ ಎಲ್ಲಿಂದ ತರ್ತೀರಿ, ಖರ್ಚೆಷ್ಟು, ಲಾಭ ಎಷ್ಟು ಅಂತ ಇವರನ್ನು ಕೇಳುವುದು, ಇವರು ತಿರುಗಿ ನನ್ನ ಮುಖ ನೋಡುವುದು, ನಾನು ಹೇಳುವುದು, ಅವರು ಇವರಿಗೆ ತಲೆಯಾಡಿಸುವುದು. ಕೊನೆಗೆ ಚಹಾ ಬಂತು, ಒಂದೇ ಲೋಟ, ಇವರಿಗೆ. ಇವರು ಅದನ್ನು ಹಾಗೇ ನನ್ನ ಕಡೆ ಸರಿಸಿದರು. ಒಳ್ಳೆಯವರು ಅಂತ ಹೇಳಿದೆನಲ್ಲ.

ಆಮೇಲೆ ಬಂತು 2025ರ ಜುಲೈ. ಬೆಂಗಳೂರಿನ ಸಣ್ಣ ಸಣ್ಣ ಅಂಗಡಿಯವರಿಗೆಲ್ಲ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂದಿದೆ ಅಂತ ಟಿವಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ ಸುದ್ದಿ. ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಬೋರ್ಡು. ನಾನು ಸಂಜೆ ಅಂಗಡಿಗೆ ಬಂದು ನೋಡಿದರೆ ನನ್ನ ಕ್ಯೂಆರ್ ಕೋಡ್ ಮಾಯ. ಮಾವ ಅದನ್ನು ತೆಗೆದು ದೇವರ ಫೋಟೋ ಹಿಂದೆ ಸೇರಿಸಿದ್ದರು. ಯಾರಾದರೂ ಫೋನ್ ಹೊರಗೆ ತೆಗೆದರೆ ಸುತ್ತಮುತ್ತ ನೋಡಿ, ಫೋಟೋ ಒಂಚೂರು ಸರಿಸಿ, "ಲಗೂನ ಸ್ಕ್ಯಾನ್ ಮಾಡ್ರಿ" ಅನ್ನುತ್ತಿದ್ದರು. ಹೋಗುವವರು ದೇವರಿಗೂ ಕೈಮುಗಿದು ಹೋಗುತ್ತಿದ್ದರು.

ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ತಾನೇ ಜಿಎಸ್‌ಟಿ ನೋಂದಣಿ ಅಂತ ಎಲ್ಲರಿಗೂ ಕೂರಿಸಿ ಹೇಳಿದೆ. ಮಗ ಲೆಕ್ಕಕ್ಕೆ ಕೂತ. ರೊಟ್ಟಿಗೆ 8 ರೂಪಾಯಿ ಅಂದರೆ 40 ಲಕ್ಷಕ್ಕೆ 5 ಲಕ್ಷ ರೊಟ್ಟಿ, ಒಂದು ದಿನವೂ ರಜಾ ಹಾಕದಿದ್ದರೆ ದಿನಕ್ಕೆ ಸುಮಾರು 1,370. ನನ್ನ ಮುಖ ನೋಡಿ, "ಅಜ್ಜಾ, ನೀನು ಕ್ಯೂಆರ್ ಕೋಡ್ ಹೊರಗೆ ಹಾಕು, ಅಮ್ಮನ ಕೈಲಿ ಆಗಲ್ಲ" ಅಂದ.

ಅತ್ತೆಯ ಚಿಂತೆಯೇ ಬೇರೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರು, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ. ಆ ದುಡ್ಡು ಬಂದ ದಿನ ಅವರ ನಡಿಗೆಯೇ ಬೇರೆ ಇರುತ್ತೆ. "ನಿಂದು ವ್ಯಾಪಾರ ದೊಡ್ಡದಾಗಿ ನೀನು ಜಿಎಸ್‌ಟಿ ಕಟ್ಟಿದ್ರೆ ನನ್ನ ಎರಡು ಸಾವಿರ ಹೋಗ್ತತಂತೆ. ಒಂಚೂರು ನಿಧಾನಕ್ಕೆ ಮಾಡವ್ವ" ಅಂದರು. ಇಲ್ಲ ಅತ್ತೆ, ಯಜಮಾನಿ ಇಲ್ಲಾ ಅವರ ಗಂಡ ತೆರಿಗೆ ಕಟ್ಟುತ್ತಿದ್ದರೆ ಮಾತ್ರ ತೊಂದರೆ, ಸೊಸೆ ಅದರಲ್ಲಿ ಲೆಕ್ಕಕ್ಕಿಲ್ಲ ಅಂತ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಅವರಿಗೆ ಸಮಾಧಾನ ಆಯ್ತು. ಸಂಜೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಸರ್ಕಾರದೋರೇ ಹೇಳ್ಯಾರಂತೆ, ಸೊಸೆ ಲೆಕ್ಕಕ್ಕಿಲ್ಲ."

ಈಗ ಸೌಂಡ್ ಬಾಕ್ಸ್ ವಿಷಯ. ದುಡ್ಡು ಬಂದ ಕೂಡಲೇ ಕೂಗಿ ಹೇಳುತ್ತಲ್ಲ, ಆ ಡಬ್ಬಿ. ಅಂಗಡಿ ಕೋಣೆಗೂ ನಡುಮನೆಗೂ ನಡುವೆ ನಮ್ಮಲ್ಲಿ ಒಂದು ಪರದೆ ಮಾತ್ರ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಂಗಡಿ ಬಾಗಿಲು ಹಾಕಿ, ಡಬ್ಬಗಳಿಗೆಲ್ಲ ಬೆಡ್‌ಶೀಟ್ ಹೊದಿಸಿ, ಊದುಬತ್ತಿ ಹಚ್ಚಿ, ಇದು ಬರೀ ಮನೆ ಅಂತ ಕಾಣುವ ಹಾಗೆ ಮಾಡಿದ್ದೆವು. ಸೌಂಡ್ ಬಾಕ್ಸ್ ಬೆಡ್‌ಶೀಟಿನ ಕೆಳಗೆ ಸಿಕ್ಕಿಕೊಂಡಿತ್ತು. ಹುಡುಗ, ಅವನ ತಂದೆ ತಾಯಿ, ಒಬ್ಬ ಸೋದರಮಾವ. ಉಪ್ಪಿಟ್ಟು, ಸಿರಾ ಆಯ್ತು. ಹುಡುಗನ ತಂದೆ ಮಾತಿಗೆ, "ಸೊಸೆಯವರು ಕೆಲಸಕ್ಕೆ ಹೋಗ್ತಾರೇನ್ರಿ?" ಅಂತ ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು, "ಇಲ್ಲ ಇಲ್ಲ, ಎಲ್ಲಿ ಹೋಗ್ತಾಳ್ರಿ. ಸುಮ್ನೆ ಮನೇಲಿ ಟೈಮ್‌ಪಾಸಿಗೆ ಏನೋ ಪುಡಿ ಗಿಡಿ ಮಾಡ್ತಾಳ" ಅಂದರು.

"ಆರು ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತು ಪರದೆಯ ಆಚೆಯಿಂದ ಒಂದು ಹೆಣ್ಣು ದನಿ.

ಎಲ್ಲರೂ ಒಮ್ಮೆ ಪರದೆ ಕಡೆ ನೋಡಿದರು. ಅತ್ತೆ ಕೆಮ್ಮಿದರು. "ಒಂದು ಸಾವಿರದ ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ." ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಒಟ್ಟಿಗೆ ಆರ್ಡರ್ ಕೊಟ್ಟಿದ್ದರು, ಅವತ್ತೇ ಅವರ ಗ್ರೂಪಿನಲ್ಲಿ ಯಾರೋ "ಮೇಡಂಗೆ ದುಡ್ಡು ಹಾಕದವರು ಈಗಲೇ ಹಾಕಿ" ಅಂತ ನೆನಪಿಸಿದ್ದಾರೆ. ಒಳ್ಳೆ ಜನ, ಮಾತು ಕೇಳುವವರು. ಮುನ್ನೂರ ಇಪ್ಪತ್ತು. ಎಂಟು ನೂರು. ಮತ್ತೆ ಮುನ್ನೂರ ಇಪ್ಪತ್ತು. ಹುಡುಗಿ ಚಹಾ ಟ್ರೇ ಹಿಡಿದು ಬಂದು ನಿಂತಿದ್ದಾಳೆ, ಅವಳ ಕಡೆ ಯಾರೂ ನೋಡುತ್ತಿಲ್ಲ. ಹುಡುಗನ ಸೋದರಮಾವ ಬೆರಳು ಮಡಚಿ ಕೂಡಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಮಾವ ಎದ್ದು ಒಳಗೆ ಹೋದರು, ದನಿ ಕಡಿಮೆ ಮಾಡಲು. ಅವರು ಒತ್ತಿದ್ದು ಜಾಸ್ತಿ ಮಾಡುವ ಬಟನ್. ಎರಡು ಸಾವಿರದ ನಾನೂರು ಅನ್ನೋದು ಓಣಿಗೆಲ್ಲ ಕೇಳಿಸಿತು. ಆಮೇಲೆ ಅದೇ ಜೋರು ದನಿಯಲ್ಲಿ ಬ್ಯಾಟರಿ ಕಡಿಮೆ ಇದೆ, ಚಾರ್ಜ್ ಮಾಡಿ ಅಂತ ಹೇಳಿ ಸುಮ್ಮನಾಯ್ತು.

"ಟೈಮ್‌ಪಾಸ್ ಚಲೋ ಐತಿ" ಅಂದರು ಹುಡುಗನ ತಂದೆ.

ಆ ಸಂಬಂಧ ಕುದುರಲಿಲ್ಲ, ಜಾತಕದ ಏನೋ ತಕರಾರು. ನಾದಿನಿಗೂ ಹುಡುಗ ಅಷ್ಟಾಗಿ ಹಿಡಿಸಿರಲಿಲ್ಲ. ಹುಡುಗನ ತಾಯಿ ಮಾತ್ರ ಹೋಗುವಾಗ ಮೆಲ್ಲಗೆ ನನ್ನ ನಂಬರ್ ಇಸ್ಕೊಂಡಿದ್ದರು. ಈಗಲೂ ತಿಂಗಳಿಗೆ ಎರಡು ಕೆ.ಜಿ. ಮಸಾಲೆ ಖಾರ ತರಿಸುತ್ತಾರೆ.

ಮಧ್ಯೆ ಒಂದು ದಿನ ಮಗಳು ನಾನು ಚೀಲಕ್ಕೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದನ್ನು ಫೋಟೋ ತೆಗೆದು ವ್ಯಾಪಾರದ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಳು. ಎದ್ದು ನೋಡುವ ಹೊತ್ತಿಗೆ ಅರ್ಧ ಗಿರಾಕಿಗಳು ನೋಡಿಯಾಗಿತ್ತು. ಒಬ್ಬರು ಬರೆದಿದ್ದರು: "ಪಾಪ ಮೇಡಂ, ಚೆನ್ನಾಗಿ ರೆಸ್ಟ್ ತಗೊಳ್ಳಿ. ನಮ್ಮ ಆರ್ಡರ್ ಅರ್ಜೆಂಟ್ ಇಲ್ಲ, ನಾಳೆ ಬೆಳಿಗ್ಗೆ ಆರಕ್ಕೆ ಕೊಟ್ಟರೂ ಸಾಕು."

ಮುಂಬೈನ ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಮಾಡಲು ಕೂತರು, ಅದೇ ಲಿಜ್ಜತ್ ಆಯ್ತು ಅಂತ ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ತಪ್ಪದೆ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಒಂದೇ ಯೋಚನೆ. ಅವತ್ತು ಆ ಏಳು ಜನರ ಮಕ್ಕಳು ಎಲ್ಲಿದ್ದರು? ಹಪ್ಪಳದ ಹಿಟ್ಟಿನಲ್ಲಿ ಆನೆ ಮಾಡಿ ಆಡುತ್ತಿದ್ದರಾ? ಒಣಗಲು ಹಾಕಿದ ಹಪ್ಪಳದ ಮೇಲೆ ಯಾರೂ ಓಡಲಿಲ್ವಾ? ಅದನ್ನು ಯಾರೂ ಹೇಳುವುದಿಲ್ಲ.

ಈ ಸಲ ಮಾರ್ಚ್ 8ಕ್ಕೆ ಒಂದು ಸಂಘದವರು ನನಗೂ ಸನ್ಮಾನ ಇಟ್ಟುಕೊಂಡರು. ಅದೇ ಕಾರ್ಯಕ್ರಮದ ಮಧ್ಯಾಹ್ನದ ಊಟಕ್ಕೆ ಇನ್ನೂರು ರೊಟ್ಟಿಯ ಆರ್ಡರ್ ಕೂಡ ನನಗೇ ಕೊಟ್ಟಿದ್ದರು. ಹತ್ತೂವರೆಯ ಕಾರ್ಯಕ್ರಮ ಒಂದು ಗಂಟೆಗೆ ಶುರುವಾಯ್ತು. ಮುಖ್ಯ ಅತಿಥಿಗಳು ಹೆಣ್ಣುಮಕ್ಕಳು ಏನೇ ಸಾಧಿಸಲಿ, ಮನೆಗೆ ಟೈಮ್ ಕೊಡಬೇಕು ಅಂತ ಮುಕ್ಕಾಲು ಗಂಟೆ ಮಾತಾಡಿದರು, ಅಷ್ಟು ಹೊತ್ತಲ್ಲಿ ನಾನು ಮನೆಗೆ ಹೋಗಿ ಬರಬಹುದಿತ್ತು. ನಿರೂಪಕಿ ನನ್ನನ್ನು ಕರೆದದ್ದು ನಮ್ಮನೆಯವರ ಹೆಸರು ಹೇಳಿ, "ಇವರ ಧರ್ಮಪತ್ನಿ, ಸ್ವಾವಲಂಬಿ ಮಹಿಳೆ" ಅಂತ. ನಮ್ಮನೆಯವರು ಆಗ ಹೊರಗೆ ಆಟೋದಿಂದ ರೊಟ್ಟಿ ಡಬ್ಬ ಇಳಿಸುತ್ತಿದ್ದರು, ತಮ್ಮ ಹೆಸರು ಮೈಕಿನಲ್ಲಿ ಕೇಳಿ ಗಾಬರಿಯಿಂದ ಡಬ್ಬ ಹಿಡಿದೇ ವೇದಿಕೆ ಹತ್ತಿದರು. ಶಾಲನ್ನು ಅವರಿಗೇ ಹೊದಿಸಿದರು. ನನ್ನ ಕೈಗೆ ಹಣ್ಣಿನ ಬುಟ್ಟಿ ಬಂತು. ಫೋಟೋದಲ್ಲಿ ಇವರು ಶಾಲು ಹೊದ್ದು, ರೊಟ್ಟಿ ಡಬ್ಬ ಹಿಡಿದು, ಜೀವನದಲ್ಲಿ ಏನೋ ಸಾಧಿಸಿದವರ ಹಾಗೆ ನಿಂತಿದ್ದಾರೆ. ಕೆಳಗಿಳಿದು ನಾನೇ ಸೆರಗು ಸಿಕ್ಕಿಸಿ ಬಡಿಸಲು ನಿಂತೆ, ಯಾಕೆಂದರೆ ಬಡಿಸಲು ಹೇಳಿದ್ದ ಹುಡುಗರು ಭಾಷಣಕ್ಕೆ ಹೆದರಿ ಹೋಗಿಬಿಟ್ಟಿದ್ದರು.

ರಾತ್ರಿ ಹಾಜರಿ ಪುಸ್ತಕ ನೋಡಿದೆ. ನನ್ನ ಹೆಸರಿನ ಮುಂದೆ ಮಾವ ಬರೆದಿದ್ದರು: "ಸನ್ಮಾನ. ಅರ್ಧ ದಿನ ರಜಾ. ಕೂಲಿ ಇಲ್ಲ."

ಇನ್ನೂರು ರೊಟ್ಟಿಯ ದುಡ್ಡು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ, "ನಿಮ್ಮದೇ ಕಾರ್ಯಕ್ರಮ ಅಲ್ವಾ ಮೇಡಂ, ಕೊಡೋಣ" ಅಂತಾರೆ. ನಾನು ಹೇಳಿ ಸಾಕಾಯ್ತು. ಇವತ್ತು ಬೆಳಿಗ್ಗೆ ವಸೂಲಿಗೆ ಅತ್ತೆಯನ್ನು ಕಳಿಸಿದ್ದೇನೆ. ಬಸ್ಸು ಹೇಗೂ ಫ್ರೀ, ಅವರು ಬುತ್ತಿ ಬೇರೆ ಕಟ್ಟಿಕೊಂಡು ಹೋಗಿದ್ದಾರೆ. ಕೊಡುವವರೆಗೆ ಅಲ್ಲಿಂದ ಏಳಲ್ಲ.